ವೃತ್ತಾಕಾರದ ಕಾಗದ ಹೇಳಿದ ಕಥೆ

ದೀಪಾಂಜಲಿ ನಗರದ ನಮ್ಮ ಮನೆಗೆ ಬರುವ ಹಳೆಯ ವಿದ್ಯಾರ್ಥಿಗಳಿಗೆ ನಾನು ತಪ್ಪದೆ ಹೇಳುವ ಮಾತೊಂದಿದೆ: ಅಮೈನೋ ಆಮ್ಲಗಳನ್ನು ಬೇರ್ಪಡಿಸಿದ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ.

1944ರಲ್ಲಿ ಇಂಗ್ಲೆಂಡಿನ ಕಾನ್ಸ್‌ಡನ್, ಗಾರ್ಡನ್, ಮಾರ್ಟಿನ್ ಅವರು ಶೋಧಕ ಕಾಗದದ ಮೇಲೆ ಇದನ್ನು ಸಾಧಿಸಿದರು. 1952ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ವಿ. ಗಿರಿ ಹಾಗೂ ಎನ್.ಎ.ಎನ್. ರಾವ್ ಅವರು ವೃತ್ತಾಕಾರದ ಕಾಗದದಲ್ಲಿ ಬೇರ್ಪಟ್ಟ ಆಮ್ಲಗಳನ್ನು ಗುರುತಿಸುವ ವಿಧಾನವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ದ್ರಾವಕವು ಮಧ್ಯದಿಂದ ಹರಡಿದಂತೆ ಆಮ್ಲಗಳು ಬಳೆಚೂರುಗಳಂತೆ ಬೇರಾಗುತ್ತವೆ. ನಿನ್‌ಹೈಡ್ರಿನ್ ತಾಗಿಸಿ ಬಿಸಿಮಾಡಿದರೆ ನೇರಳೆ ಬಣ್ಣ ತಳೆಯುತ್ತವೆ, ಪ್ರೋಲೀನ್ ಮಾತ್ರ ಹಳದಿ.

ಮುಂದೆ ಸಿಲಿಕಾ ಲೇಪಿಸಿದ ತೆಳುಪದರದ ಫಲಕಗಳು ಬಳಕೆಗೆ ಬಂದವು. ಆದರೆ ಕನ್ನಡಿಬಿಂಬಗಳಂತಿರುವ ಎಲ್ ಮತ್ತು ಡಿ ರೂಪಗಳು ಸಾಮಾನ್ಯ ಸಿಲಿಕಾದ ಮೇಲೆ ಜೊತೆಯಾಗಿಯೇ ಸಾಗುತ್ತವೆ. 1984ರಲ್ಲಿ ಜರ್ಮನಿಯ ಗ್ಯುಂಟರ್ ತಂಡವು ತಾಮ್ರದ ಲವಣವನ್ನೂ ಹೈಡ್ರಾಕ್ಸಿಪ್ರೋಲೀನಿನ ಒಂದೇ ರೂಪದ ಸಂಯುಕ್ತವನ್ನೂ ಫಲಕಕ್ಕೆ ಹೀರಿಸಿತು. ಬಲಗಾಲಿನ ಚಪ್ಪಲಿ ಬಲಗಾಲಿಗೇ ಹೊಂದುವಂತೆ, ಒಂದು ರೂಪ ಅಲ್ಲಿ ಹೆಚ್ಚು ಬಿಗಿಯಾಗಿ ಹಿಡಿದು ನಿಂತಿತು. ಇನ್ನೊಂದು ಮುಂದೆ ಸಾಗಿತು.

ನಿಮ್ಮ ಮಕ್ಕಳಿಗೆ ಈ ಪಾಠ ಬಂದಾಗ ಗಿರಿಯವರ ಹೆಸರನ್ನೂ ಹೇಳಿರಿ.