ಆಕ್ಸೈಡುಗಳ ಗುಣಕ್ರಮ

ಮೂಲವಸ್ತುಗಳು ಆಮ್ಲಜನಕದೊಡನೆ ಕೂಡಿದಾಗ ಉಂಟಾಗುವ ಆಕ್ಸೈಡುಗಳು ಆವರ್ತಕೋಷ್ಟಕದ ಅಡ್ಡಸಾಲಿನಲ್ಲಿ ಎಡದಿಂದ ಬಲಕ್ಕೆ ಸಾಗಿದಂತೆಲ್ಲ ಪ್ರತ್ಯಾಮ್ಲೀಯ ಸ್ವಭಾವವನ್ನು ತೊರೆದು ಆಮ್ಲೀಯವಾಗುತ್ತ ಹೋಗುವುವು. ಸೋಡಿಯಂ, ಮೆಗ್ನೀಸಿಯಂಗಳ ಆಕ್ಸೈಡುಗಳು ಪ್ರತ್ಯಾಮ್ಲೀಯ, ಅಲ್ಯೂಮಿನಿಯಂನದು ಉಭಯಧರ್ಮಿ, ಸಿಲಿಕಾನಿನದು ದುರ್ಬಲ ಆಮ್ಲೀಯ, ರಂಜಕ, ಗಂಧಕ, ಕ್ಲೋರೀನುಗಳವು ಆಮ್ಲೀಯ.

ಈ ತಿಳಿವಳಿಕೆ ಬಹುಕಾಲ ಅಡ್ಡದಾರಿಯಲ್ಲಿ ನಡೆಯಿತು. ರಸಾಯನವಿಜ್ಞಾನಿ ಲವಾಸಿಯೆ ಆಮ್ಲಜನಕವೇ ಸಕಲ ಆಮ್ಲಗಳಿಗೂ ಬೀಜವೆಂದು ನಂಬಿದ್ದನು. 1789ರ ತನ್ನ ಗ್ರಂಥದಲ್ಲಿ ಸುಣ್ಣವನ್ನೂ ಮೂಲವಸ್ತುಗಳ ಪಟ್ಟಿಗೆ ಸೇರಿಸಿದ್ದನು. 1807ರಲ್ಲಿ ಪೊಟಾಸಿಯಂ, ಸೋಡಿಯಂಗಳನ್ನೂ ಮರುವರ್ಷ ಕ್ಯಾಲ್ಸಿಯಂ ಅನ್ನೂ ವಿದ್ಯುತ್ತಿನ ಬಲದಿಂದ ಬೇರ್ಪಡಿಸಿದ ಹಂಫ್ರಿ ಡೇವಿ, ತೀಕ್ಷ್ಣ ಕ್ಷಾರಗಳಲ್ಲಿಯೂ ಅದೇ ಆಮ್ಲಜನಕವಿರುವುದೆಂದು ತೋರಿಸಿದ ಮೇಲೆ ಆ ನಂಬಿಕೆ ನಿಲ್ಲುವಂತಿರಲಿಲ್ಲ. ಗುಣವು ಆಮ್ಲಜನಕದ್ದಲ್ಲ, ಅದರ ಕೈಹಿಡಿದ ಸಂಗಾತಿಯದು. 1869ರಲ್ಲಿ ಕೋಷ್ಟಕವನ್ನು ರಚಿಸಿದ ಮೆಂಡಲೀಫ್, 1871ರಲ್ಲಿ ಅದರ ಒಂದೊಂದು ಗುಂಪಿನ ನೆತ್ತಿಯ ಮೇಲೂ ಆ ಗುಂಪಿನ ಪರಮೋಚ್ಚ ಆಕ್ಸೈಡಿನ ಸೂತ್ರವನ್ನೇ ಬರೆದನು. ಇನ್ನೂ ಕಾಣದಿದ್ದ ಮೂಲವಸ್ತುವೊಂದರ ಆಕ್ಸೈಡಿನ ಸಾಂದ್ರತೆ 4.7 ಇರಬೇಕೆಂದು ಅವನು ಎಣಿಸಿದುದು, 1886ರಲ್ಲಿ ವಿಂಕ್ಲರ್ ಜರ್ಮೇನಿಯಂ ಅನ್ನು ಕಂಡುಹಿಡಿದಾಗ ನಿಜವಾಯಿತು. ವಿಜ್ಞಾನದ ಇತಿಹಾಸದಲ್ಲಿ ಇಂತಹ ಧೀರ ಭವಿಷ್ಯವಾಣಿಗಳು ವಿರಳ.

ಭಟ್ಕಳದ ಕಾಯ್ಕಿಣಿಯಿಂದ ಕುಮಟೆಯವರೆಗಿನ ಕರಾವಳಿಯ ನೆಲದಲ್ಲಿ ಈ ಕ್ರಮವು ಬರಿಗಣ್ಣಿಗೇ ಗೋಚರವಾಗುವುದು. ಅಳಿವೆಗಳ ಬೆಳಚಿನ ಚಿಪ್ಪನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಇಂಗಾಲಾಮ್ಲವಾಯು ಹೊರಟುಹೋಗಿ ಕ್ಯಾಲ್ಸಿಯಂ ಆಕ್ಸೈಡು ಉಳಿಯುವುದು. ನೀರೆರೆದೊಡನೆ ಅದು ಬುಸುಗುಟ್ಟುತ್ತ ಕಾದು, ಬಿರಿದು, ಅರಳಿ ಹುಡಿಯಾಗುವುದು. ಆ ಸುಣ್ಣದ ಚಿಟಿಕೆಯೊಂದು ಅರಿಸಿನದ ನೀರಿಗೆ ಬಿದ್ದೊಡನೆ ಆರತಿಯ ತಟ್ಟೆಯಲ್ಲಿ ಮೂಡುವ ಕೆಂಪು, ಪ್ರತ್ಯಾಮ್ಲದ ನಿಸ್ಸಂದಿಗ್ಧ ಸಾಕ್ಷಿ.

ಮನೆಯ ಗೋಡೆಗೆ ಹೊಂದುವ ಚಿರೇಕಲ್ಲಿನ ಕಥೆ ಇದಕ್ಕಿಂತಲೂ ಗಹನವಾದುದು. 1801ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಇಂತಹ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು 1807ರ ತನ್ನ ಪ್ರವಾಸಗ್ರಂಥದಲ್ಲಿ ಇಟ್ಟನು. ಯುಗಯುಗಗಳ ಮುಂಗಾರು ಮಳೆಯು ಮೂಲಶಿಲೆಯಿಂದ ಸೋಡಿಯಂ, ಪೊಟಾಸಿಯಂ, ಕ್ಯಾಲ್ಸಿಯಂಗಳನ್ನು ಕರಗಿಸಿ ಕಡಲಿಗೊಯ್ದಿತು; ಸಿಲಿಕವೂ ಬಹುಮಟ್ಟಿಗೆ ಸೋರಿತು. ಕೋಷ್ಟಕದ ಎಡತುದಿಯ ಧಾತುಗಳು ನೀರಿನಲ್ಲಿ ಅಯಾನುಗಳಾಗಿ ನಿಲ್ಲುವುವು, ಬಲತುದಿಯ ಗಂಧಕವು ಆಮ್ಲಜನಕವನ್ನೇ ಸುತ್ತಿಕೊಂಡು ಸಲ್ಫೇಟಾಗಿ ಕರಗುವುದು. ಇವೆರಡರ ನಡುವಿನ ಅಲ್ಯೂಮಿನಿಯಂಗೂ ಅದರಂತೆಯೇ ವರ್ತಿಸುವ ಕಬ್ಬಿಣಕ್ಕೂ ಎರಡು ದಾರಿಯೂ ಮುಚ್ಚಿದುದರಿಂದ ಅವು ಜಲಯುಕ್ತ ಆಕ್ಸೈಡುಗಳಾಗಿ ಗುಡ್ಡದ ಮೇಲೆಯೇ ನೆಲೆಸಿದುವು. ಕಡಲು ಸೇರಿದ ಕ್ಯಾಲ್ಸಿಯಂನ ಒಂದಂಶವನ್ನು ಬೆಳಚು ತನ್ನ ಚಿಪ್ಪಿಗೆಂದು ಮರಳಿ ಹೀರುವುದು.