ದಂಡಿಗೆ ಹೋದವರ ಮಕ್ಕಳು: ನಮ್ಮ ಸೀಮೆಯ ನೂರು ವರುಷದ ಒಂದು ನೋಟ



ನಮ್ಮ ಸೊಸೈಟಿಯ ರಜತ ಮಹೋತ್ಸವದ ಈ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾವು ಮೊದಲು ಮಾಡಿದ ಕೆಲಸವೆಂದರೆ ಸದಸ್ಯರ ಹಳೆಯ ರಿಜಿಸ್ಟರ್ ತೆರೆದು ಕುಳಿತದ್ದು. ಹೆಸರಿನ ಮಗ್ಗುಲಿಗೆ ಪೆನ್ಸಿಲಿನಲ್ಲಿ 'ಮಿಲಿಟ್ರಿ' ಎಂದು ಗುರುತು ಮಾಡಿದ ಮನೆಗಳು ಒಂದೆರಡಲ್ಲ. ಷೇರು ಗಂಡನ ಹೆಸರಿನಲ್ಲಿ, ಬೆಳೆಸಾಲದ ಅರ್ಜಿ ಹಿಡಿದು ಬಂದವಳು ಹೆಂಡತಿ, ಆಕೆಯ ಹಿಂದೆ ನಿಂತದ್ದು ಶಾಲೆ ತಪ್ಪಿಸಿಕೊಂಡು ಬಂದ ಮಗ. ಸಾಲ ಕೊಟ್ಟೆವು, ಗೊಬ್ಬರ ಕೊಟ್ಟೆವು, ರಸೀದಿ ಹರಿದೆವು. ಆ ಹುಡುಗನನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ಈ ಲೇಖನ ಅಂಥ ಹುಡುಗ-ಹುಡುಗಿಯರ ಬಗ್ಗೆ.

ಹಳೆಯ ಕಾಲ

ನಮ್ಮ ಧಾರವಾಡ ಸೀಮೆ ಆಗ ಮುಂಬೈ ಪ್ರಾಂತಕ್ಕೆ ಸೇರಿತ್ತು. 1914ರ ಮಹಾಯುದ್ಧಕ್ಕೆ ಈ ಪ್ರಾಂತದ ಹಳ್ಳಿಹಳ್ಳಿಯಿಂದ ಜನ ಹೋದರು. 1922ರಿಂದ ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ ಬೆಳಗಾವಿಯಲ್ಲಿ ನೆಲೆಗೊಂಡ ಮೇಲಂತೂ 'ದಂಡಿಗೆ ಹೋಗೂದು' ಎಂಬುದು ನಮ್ಮ ಕಡೆಯ ಮನೆಮಾತಾಯಿತು.

ಹೋದವರ ಮನೆಯವರನ್ನು ನೋಡಿಕೊಳ್ಳುವ ವ್ಯವಸ್ಥೆ ಹುಟ್ಟಿದ ರೀತಿ ವಿಚಿತ್ರವಾಗಿದೆ. 1917ರಲ್ಲಿ ಸರಕಾರ ಸೈನ್ಯಭರ್ತಿಗಾಗಿ ಒಂದು ಮಂಡಳಿ ಮಾಡಿತು. ಯುದ್ಧ ಮುಗಿದು ಮಂದಿ ಊರಿಗೆ ಮರಳಿದಾಗ, 1919ರಲ್ಲಿ, ಅದನ್ನೇ ಸೈನಿಕರ ಕ್ಷೇಮದ ಮಂಡಳಿಯನ್ನಾಗಿ ಬದಲಿಸಲಾಯಿತು. ಕರೆದೊಯ್ಯಲು ಹುಟ್ಟಿದ ಸಂಸ್ಥೆಯೇ ಕಾಪಾಡುವ ಸಂಸ್ಥೆಯಾಯಿತು ಎನ್ನಬೇಕು. ಇಂದಿನ ಕೇಂದ್ರೀಯ ಸೈನಿಕ ಮಂಡಳಿ ಅದರದೇ ಮುಂದುವರಿಕೆ. 1975ರಲ್ಲಿ ಈ ಹೆಸರು ಬಂತು. 1949ರಿಂದ ಡಿಸೆಂಬರ್ 7ರಂದು ನಾವು ಎದೆಗೆ ಚುಚ್ಚಿಕೊಳ್ಳುವ ಧ್ವಜ ದಿನದ ಚೀಟಿಯ ಹಣವೂ ಸೈನಿಕರ ಕುಟುಂಬಗಳ ಕ್ಷೇಮಕ್ಕೇ ಸಲ್ಲುತ್ತದೆ.

ಶಾಲೆಗಳು ಬಂದವು

ಜವಾನರ ಗಂಡುಮಕ್ಕಳಿಗಾಗಿ ಮೊದಲು ಪಂಜಾಬದ ಕಡೆ ಕಿಂಗ್ ಜಾರ್ಜ್ ಶಾಲೆಗಳು ಶುರುವಾದವು. ಅಂಥದೇ ಶಾಲೆ 1945ರಲ್ಲಿ ಬೆಳಗಾವಿಗೂ 1946ರಲ್ಲಿ ಬೆಂಗಳೂರಿಗೂ ಬಂತು. ಇವೇ ಇಂದಿನ ರಾಷ್ಟ್ರೀಯ ಮಿಲಿಟರಿ ಶಾಲೆಗಳು. 1963ರಲ್ಲಿ ವಿಜಯಪುರದಲ್ಲಿ ಸೈನಿಕ ಶಾಲೆ ಆಯಿತು. ಅದೇ ವರುಷ ರೆಜಿಮೆಂಟುಗಳ 20 ಶಾಲೆಗಳನ್ನು ಕೇಂದ್ರ ಸರಕಾರ ವಹಿಸಿಕೊಂಡಿತು. ಕೇಂದ್ರೀಯ ವಿದ್ಯಾಲಯಗಳ ಮೂಲ ಅದು. ಇಂದು ಹುಬ್ಬಳ್ಳಿಯಲ್ಲೂ ಧಾರವಾಡದಲ್ಲೂ ಅಂಥ ವಿದ್ಯಾಲಯಗಳಿವೆ.

ಈ ಶಾಲೆಗಳಲ್ಲಿ ಪಾಠದಷ್ಟೇ ಆಟಕ್ಕೂ ಬೆಲೆ. ಬೆಳಿಗ್ಗೆ ಪಿ.ಟಿ., ಸಂಜೆ ಆಟ, ರಾತ್ರಿ ಓದು, ನಡುವೆ ನಾಟಕ, ಚರ್ಚಾಸ್ಪರ್ಧೆ, ಚಾರಣ. ಹನ್ನೆರಡರಿಂದ ಹದಿನೆಂಟರ ವಯಸ್ಸು ಎಂಥದೆಂದು ತಿಳಿದವರು ಮಾಡಿದ ದಿನಚರಿ ಅದು. ಆದರೆ ಹೆಣ್ಣುಮಕ್ಕಳಿಗೆ ಬಹುಕಾಲ ಆ ಬಾಗಿಲು ಮುಚ್ಚಿತ್ತು. ನಮ್ಮ ಪುಣ್ಯವೆಂದರೆ 1969ರಲ್ಲಿ ಧಾರವಾಡದ ನೆರೆಯ ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನಲ್ಲಿ ಬಾಲಕಿಯರ ಸೈನಿಕ ವಸತಿ ಶಾಲೆ ಆಯಿತು. ದೇಶದ ಎಲ್ಲ ಸೈನಿಕ ಶಾಲೆಗಳಿಗೂ ಹುಡುಗಿಯರನ್ನು ಸೇರಿಸುವುದಾಗಿ ಪ್ರಧಾನಿಯವರು ಕೆಂಪುಕೋಟೆಯಿಂದ ಸಾರಿದ್ದು 2021ರಲ್ಲಿ. ಚನ್ನಮ್ಮನ ನಾಡು ಅರ್ಧ ಶತಮಾನ ಮುಂದಿತ್ತೆಂದು ನಾವು ಹೆಮ್ಮೆಪಡಬಹುದು.

1948ರಲ್ಲಿ ಎನ್.ಸಿ.ಸಿ. ಬಂತು. 1962ರ ಚೀನಾ ಯುದ್ಧದ ಮರುವರುಷ ಕಾಲೇಜುಗಳಲ್ಲಿ ಕಡ್ಡಾಯವಾಗಿ, 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಇನ್ನು ನಮ್ಮ ಹುಬ್ಬಳ್ಳಿಗೆ ಹುಡುಗರನ್ನು ಕೂಡಿಸುವ ವಿದ್ಯೆ ಹೊಸದೇನಲ್ಲ. 1923ರಲ್ಲಿ ಡಾ. ನಾ. ಸು. ಹರ್ಡೀಕರರು ಹಿಂದುಸ್ತಾನಿ ಸೇವಾದಳ ಕಟ್ಟಿ, ಈ ಊರನ್ನೇ ಕೇಂದ್ರ ಮಾಡಿಕೊಂಡು ದೇಶದ ಯುವಕರಿಗೆ ಕವಾಯತು, ಶಿಸ್ತು, ಸೇವೆ ಕಲಿಸಿದರು. ಉಮಾಬಾಯಿ ಕುಂದಾಪುರ ಅವರು ಹೆಣ್ಣುಮಕ್ಕಳನ್ನು ಅದಕ್ಕೆ ಅಣಿಗೊಳಿಸಿದರು.

ಊರಲ್ಲಿ ಉಳಿದವರು

ಇಷ್ಟೆಲ್ಲ ಇದ್ದರೂ ಒಂದು ಮಾತು ಮರೆಯಬಾರದು. ವಸತಿ ಶಾಲೆಗೆ ಆಯ್ಕೆಯಾಗುವವರು ಕೆಲವರು ಮಾತ್ರ. ದಂಡಿನ ಪ್ರದೇಶದಲ್ಲಿ ತಂದೆಯ ಜೊತೆ ಇರುವ ಮಕ್ಕಳಿಗೆ ಮೈದಾನವಿದೆ, ಬೇಸಿಗೆ ಶಿಬಿರವಿದೆ, 1966ರಿಂದ ಸೈನಿಕರ ಪತ್ನಿಯರ ಸಂಘದ ಆಸರೆಯಿದೆ. ತಂದೆ ಗಡಿಗೆ ಹೋದಾಗ ಊರಿಗೆ ಬಂದು ಅಜ್ಜ-ಅಜ್ಜಿಯ ಬಳಿ ಉಳಿದವರಿಗೆ ಏನಿದೆ?

ಇನ್ನೊಂದು ಲೆಕ್ಕ ನೋಡಿರಿ. ಜವಾನನಿಗೆ ಪಿಂಚಣಿ ಸಿಗಲು ಕನಿಷ್ಠ 15 ವರುಷದ ಚಾಕರಿ ಬೇಕು. ಹತ್ತೊಂಬತ್ತು-ಇಪ್ಪತ್ತಕ್ಕೆ ಭರ್ತಿಯಾದವನು ನಲವತ್ತರ ಒಳಗೇ ಟ್ರಂಕು ಹೊತ್ತು ಊರಿಗೆ ಬರುತ್ತಾನೆ. ಆಗ ಅವನ ಮಕ್ಕಳ ವಯಸ್ಸು ಎಷ್ಟು? ಸರಿಯಾಗಿ ಹನ್ನೆರಡು, ಹದಿನಾಲ್ಕು. ಜೋಧಪುರ, ಜಮ್ಮು ಎಂದು ನಾಲ್ಕು ಶಾಲೆ ಬದಲಿಸಿ ಹಿಂದಿಯಲ್ಲಿ ಓದಿದ ಹುಡುಗಿ ಎಂಟನೆಯ ತರಗತಿಗೆ ನಮ್ಮ ಕನ್ನಡ ಶಾಲೆಗೆ ಬಂದು ಕೂಡುತ್ತಾಳೆ. ಮಾತಾಡಿದರೆ ಹುಡುಗೂರು ನಗುತ್ತಾರೆ, ಮಾತಾಡದಿದ್ದರೆ ಸೊಕ್ಕು ಅಂತಾರೆ. ಇತ್ತ ಫೌಜಿನಿಂದ ಬಂದ ಅಪ್ಪ ಹೊಲ, ಮನೆ, ಹೊಸ ನೌಕರಿ ಅಂತ ಓಡಾಟದಲ್ಲಿರುತ್ತಾನೆ. 2022ರಿಂದ ಬಂದ ಅಗ್ನಿವೀರರ ನಾಲ್ಕು ವರುಷದ ಚಾಕರಿಯಿಂದ ಈ ಲೆಕ್ಕ ಮುಂದೆ ಬದಲಾದೀತು. ಆದರೆ ಈಗ ಊರಲ್ಲಿರುವ ಮಕ್ಕಳು ಹಳೆಯ ಲೆಕ್ಕದವರೇ.

2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಆರು ದಿನ ಹಿಮದಡಿಯಲ್ಲಿದ್ದು ಜೀವಂತ ಸಿಕ್ಕ, ಕಡೆಗೆ 11ರಂದು ದಿಲ್ಲಿಯಲ್ಲಿ ಪ್ರಾಣಬಿಟ್ಟ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ನಮ್ಮ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನವರು. ಅಂದು ಸೀಮೆಗೆ ಸೀಮೆಯೇ ಅತ್ತಿತು. ನಾವೂ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮೌನ ಆಚರಿಸಿದೆವು. ಆ ಸಾಲಿನಲ್ಲಿ ತಂದೆ ಗಡಿಯಲ್ಲಿದ್ದ ಮಕ್ಕಳೂ ನಿಂತಿದ್ದರು. ಅವರ ಎದೆಯಲ್ಲಿ ಏನಾಯಿತೆಂದು ಆ ಸಂಜೆ ಕೇಳಿದವರು ಯಾರು? ನಾವಂತೂ ಕೇಳಲಿಲ್ಲ.

ನಾವು ಮಾಡಿದ್ದು, ಬಿಟ್ಟದ್ದು

ಕೆಲವು ವರುಷಗಳ ಹಿಂದೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಶಾಲೆ ಬಿಟ್ಟು ಇಸ್ಪೀಟು ಆಡುವವರ ಜೊತೆ ಸೇರಿದ. ತಾಯಿ ಫೋನಿನಲ್ಲಿ ಗಂಡನಿಗೆ ಹೇಳಲಿಲ್ಲ. "ಅವ್ರು ಅಲ್ಲಿ ಬಂದೂಕ ಹಿಡ್ಕೊಂಡು ನಿಂತಿರ್ತಾರ್ರೀ, ನಾ ಇದನ್ನ ಹೆಂಗ ಹೇಳ್ಲಿ?" ಎಂದು ಸೊಸೈಟಿಯ ಕಟ್ಟೆಯ ಮೇಲೆ ಕುಳಿತು ಅತ್ತಳು. ಆ ಮಾತು ನಮ್ಮನ್ನು ಎಬ್ಬಿಸಿತು.

ಆ ಬೇಸಿಗೆಯಲ್ಲಿ ನಿವೃತ್ತ ಹವಾಲ್ದಾರರೊಬ್ಬರು ಶಾಲೆಯ ಬಯಲಿನಲ್ಲಿ ಬೆಳಿಗ್ಗೆ ಆರಕ್ಕೆ ಹುಡುಗರಿಗೆ ಓಟ, ಕಬಡ್ಡಿ, ಕವಾಯತು ಶುರು ಮಾಡಿದರು. ಮಿಲಿಟ್ರಿ ಮನೆಯವರೇ ಬೇಕೆಂದಿಲ್ಲ, ಎಲ್ಲರೂ ಬನ್ನಿ ಎಂದರು. ಗೋದಾಮಿನ ಪಡಸಾಲೆಯಲ್ಲಿ ನಾವು ಎರಡು ಬೆಂಚು, ಒಂದು ಕಪಾಟು ಪುಸ್ತಕ ಇಟ್ಟೆವು. ಹುಡುಗರು ಬಂದರು, ಹುಡುಗಿಯರು ಬರಲಿಲ್ಲ. ಯಾಕೆಂದು ಕೇಳಿದರೆ, "ಕಾಕಾ, ಆರಕ್ಕ ನಾವು ನೀರು ತರೂ ಹೊತ್ತು" ಎಂದರು. ಸಂಜೆ ಐದಕ್ಕೆ ವೇಳೆ ಬದಲಿಸಿ, ಅಂಗನವಾಡಿಯ ಅಕ್ಕೋರನ್ನು ಅಲ್ಲಿ ಕೂಡಿಸಿದ ಮೇಲೆ ಅವರೂ ಬಂದರು. ಹಿಂದಿ ಮಾತಾಡುವ ಹುಡುಗಿ ಕನ್ನಡ ಹುಡುಗರಿಗೆ ಹಿಂದಿ ಹೇಳಿಕೊಟ್ಟಳು, ತಾನು ಅವರಿಂದ ಒಗಟು ಕಲಿತಳು. ಇಸ್ಪೀಟಿನ ಹುಡುಗ ಕಬಡ್ಡಿ ತಂಡದ ನಾಯಕನಾದ; ಹತ್ತನೆಯ ತರಗತಿಯನ್ನೂ ಮುಗಿಸಿದ.

ಆದರೆ ಎರಡು ವರುಷಕ್ಕೆ ಅದು ನಿಂತಿತು. ಹಣವಿಲ್ಲದೆ ಅಲ್ಲ, ಮನಸ್ಸಿಲ್ಲದೆಯೂ ಅಲ್ಲ. ಶಾಲೆಯ ಸ್ಪರ್ಧೆ, ಯುವಕ ಸಂಘದ ಪಂದ್ಯ, ನಮ್ಮ ಶಿಬಿರ ಎಲ್ಲ ಒಂದೇ ವಾರ ಬರುತ್ತಿದ್ದವು. ಆಮೇಲೆ ಮೂರು ತಿಂಗಳು ಏನೂ ಇಲ್ಲ. ಹವಾಲ್ದಾರರು ನೌಕರಿ ಸಿಕ್ಕು ಹುಬ್ಬಳ್ಳಿಗೆ ಹೋದಾಗ ಕೀಲಿಕೈ ಯಾರ ಹತ್ತಿರ ಇರಬೇಕೆಂದೇ ತೀರ್ಮಾನವಾಗಲಿಲ್ಲ. ತಪ್ಪು ನಮ್ಮದೇ. ಹೂವೆಲ್ಲ ಇದ್ದವು, ದಾರ ಇರಲಿಲ್ಲ.

ಮುಂದಿನ ಮಾತು

ನೂರು ವರುಷದ ಇತಿಹಾಸವೂ ಇದನ್ನೇ ಹೇಳುತ್ತದೆ. ಕಾನೂನು ಬಂತು, ಶಾಲೆ ಬಂತು, ಹಣವೂ ಬಂತು. ಹವಾಲ್ದಾರ್ ದರ್ಜೆಯವರೆಗಿನ ಮಾಜಿ ಸೈನಿಕರ ಇಬ್ಬರು ಮಕ್ಕಳ ಓದಿಗೆ ಸೈನಿಕ ಮಂಡಳಿಯಿಂದ ತಿಂಗಳಿಗೆ 2,000 ರೂಪಾಯಿಯ ನೆರವಿದೆ. ವೃತ್ತಿ ಶಿಕ್ಷಣಕ್ಕೆ ಆಯ್ಕೆಯಾದವರಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000 ರೂಪಾಯಿ. ವಿಚಾರಿಸಲು ಧಾರವಾಡದಲ್ಲೇ ಸೈನಿಕ ಕಲ್ಯಾಣ ಇಲಾಖೆಯ ಕಚೇರಿ ಇದೆ. ನಮ್ಮ ಸದಸ್ಯರಲ್ಲಿ ಇದನ್ನು ಬಲ್ಲವರು ಎಷ್ಟು ಮಂದಿ? ಇರುವುದನ್ನು ಮಕ್ಕಳ ಮನೆಬಾಗಿಲಿಗೆ ಜೋಡಿಸುವವರು ಬೇಕು.

ಆ ಜೋಡಣೆಯ ಕೆಲಸ ಸೊಸೈಟಿಯದು ಏಕಾಗಬಾರದು? ನಾಡಿನ ಮೊದಲ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಅಂದಿನ ನಮ್ಮದೇ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರಿಂದ. ಒಬ್ಬನಿಂದ ಆಗದ್ದನ್ನು ಕೂಡಿ ಮಾಡುವುದೇ ಅವರು ತೋರಿದ ದಾರಿ.

ಆದ್ದರಿಂದ ಬರುವ ಸರ್ವಸಾಧಾರಣ ಸಭೆಯ ಮುಂದೆ ನಮ್ಮ ವಿನಂತಿ ಇಷ್ಟೇ: ಶಾಲೆಯವರು, ಯುವಕ ಸಂಘದವರು, ಮಾಜಿ ಸೈನಿಕರು, ಇಬ್ಬರು ತಾಯಂದಿರು ಕೂಡಿ ಯುಗಾದಿಗೆ ಮುಂಚೆ ಒಮ್ಮೆ ಕುಳಿತು ಇಡೀ ವರುಷದ ಆಟ, ಓದು, ಪ್ರವಾಸಗಳ ಒಂದೇ ಪಟ್ಟಿ ಮಾಡಲಿ. ಅದನ್ನು ಸೊಸೈಟಿಯ ಗೋಡೆಗೆ ಅಂಟಿಸಲಿ. ಗೋದಾಮಿನ ಪಡಸಾಲೆಯ ಕೀಲಿಕೈ ಸೊಸೈಟಿಯ ಕಾರ್ಯದರ್ಶಿಯವರ ಮೇಜಿನಲ್ಲಿ ಇರಲಿ. ಮಿಲಿಟ್ರಿ ಮಕ್ಕಳಿಗೆ ಬೇರೆ ಪಂಕ್ತಿ ಬೇಡ. ಊರ ಮಕ್ಕಳೊಡನೆ ಬೆರೆತಾಗಲೇ ಅವರು ಊರಿನವರಾಗುತ್ತಾರೆ.

ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ ಎಂಬುದು ನಮ್ಮ ಹಿರಿಯರ ಮಾತು. ಊರ ಮಗ ದೇಶ ಕಾಯಲು ಹೋದಾಗ ಅವನ ಮಕ್ಕಳನ್ನು ಕಾಯುವುದು ಊರಿನ ಪಾಳಿ. ಆ ಪಾಳಿಯನ್ನು ಕೂಡಿ ಹೊರೋಣ.