ಕಿವಿಯೊಳಗೆ ಇಣುಕಿ ನೋಡಿದವರು

ಗ್ಲೆನ್ ವೇವರ್ಲಿಯಿಂದ ಸಿಟಿ ರೈಲು ಹತ್ತಿ ಪಾರ್ಲಿಮೆಂಟ್ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ನಡೆದರೆ ರಾಯಲ್ ವಿಕ್ಟೋರಿಯನ್ ಐ ಅಂಡ್ ಇಯರ್ ಆಸ್ಪತ್ರೆ ಸಿಗುತ್ತದೆ. ಕಣ್ಣು-ಕಿವಿಗೆಂದೇ ಮೀಸಲಾದ ಈ ಆಸ್ಪತ್ರೆಯನ್ನು 1863ರಲ್ಲಿ ಬಡವರಿಗಾಗಿ ಶುರು ಮಾಡಿದವರು ಆಂಡ್ರ್ಯೂ ಸೆಕ್ಸ್‌ಟನ್ ಗ್ರೇ ಎಂಬ ಐರಿಷ್ ಡಾಕ್ಟರು. 1978ರಲ್ಲಿ ಗ್ರೇಮ್ ಕ್ಲಾರ್ಕ್ ತಮ್ಮ ಕಾಕ್ಲಿಯರ್ ಇಂಪ್ಲಾಂಟನ್ನು ಮೊದಲ ಬಾರಿ ಒಬ್ಬ ರೋಗಿಗೆ ಅಳವಡಿಸಿದ್ದೂ ಇಲ್ಲೇ. ಆ ಕತೆ ಎಲ್ಲರಿಗೂ ಗೊತ್ತು. ನನಗೆ ಹೇಳಬೇಕಾಗಿರೋದು ಗ್ರೇ ಅವರ ಗುರುವಿನ ಕತೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಹುಟ್ಟಿದ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಈಗ ಮೆಲ್ಬರ್ನಿನ ಪೂರ್ವದ ಬಡಾವಣೆಗಳಲ್ಲಿ ಮಕ್ಕಳ ಕಿವಿ ಪರೀಕ್ಷೆ ಮಾಡಿಕೊಂಡು ಹೊಟ್ಟೆ ಹೊರೆಯುವವಳು ನಾನು. ಹಾಗಾಗಿ ಈ ಗುರುವಿನ ಮೇಲೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನ. ಅವರ ಹೆಸರು ವಿಲಿಯಂ ವೈಲ್ಡ್. ಡಬ್ಲಿನ್ನಿನಲ್ಲಿ 1844ರಲ್ಲಿ ಸೇಂಟ್ ಮಾರ್ಕ್ಸ್ ಆಸ್ಪತ್ರೆ ತೆರೆದವರು. ಗ್ರೇ ಅವರ ಕೈಕೆಳಗೆ ಕೆಲಸ ಕಲಿತು ಇಲ್ಲಿಗೆ ಬಂದರು. 1853ರಲ್ಲಿ ವೈಲ್ಡ್ ಕಿವಿರೋಗಗಳ ಬಗ್ಗೆ ಬರೆದ ಪುಸ್ತಕ ಆ ಕಾಲಕ್ಕೆ ದೊಡ್ಡ ಹೆಜ್ಜೆ. ಕಿವಿ ಸೋರುವುದನ್ನು ಹಗುರವಾಗಿ ಕಾಣಬೇಡಿ, ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ ಹೇಳಲಾಗದು ಎನ್ನುವುದು ಅವರ ಎಚ್ಚರಿಕೆಯಾಗಿತ್ತು. ಅವರ ಮಗನೇ ನಾಟಕಕಾರ ಆಸ್ಕರ್ ವೈಲ್ಡ್. ಜೈಲಿನಲ್ಲಿದ್ದಾಗ, 1896ರಲ್ಲಿ, ಕಿವಿಯ ತಮಟೆ ತೂತಾಗಿದೆ, ಒಂದು ಕಿವಿ ಹೆಚ್ಚುಕಡಿಮೆ ಕೇಳಿಸುತ್ತಲೇ ಇಲ್ಲ ಎಂದು ಅವರು ಸರ್ಕಾರಕ್ಕೆ ಅರ್ಜಿ ಬರೆದರು. 1900ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಹೋಟೆಲ್ ಕೋಣೆಯಲ್ಲೇ ಆಪರೇಷನ್ ಆಯಿತು. ನವೆಂಬರ್ 30ರಂದು ತೀರಿಕೊಂಡರು. ಕಿವಿಯ ಸೋಂಕು ಮೆದುಳಿನ ಪೊರೆಗೆ ಏರಿತ್ತು ಎಂಬುದು ಹಲವು ವೈದ್ಯರ ಅಭಿಪ್ರಾಯ. ಅಪ್ಪ ಕಿವಿಯ ದೊಡ್ಡ ಡಾಕ್ಟರು, ಮಗನಿಗೆ 46ನೇ ವಯಸ್ಸಿಗೇ ಕಿವಿಯಿಂದ ಸಾವು.

ಕಿವಿರೋಗ ಹಳೆಯದು. ಸುಶ್ರುತ ಸಂಹಿತೆ 28 ಬಗೆಯ ಕರ್ಣರೋಗಗಳನ್ನು ಎಣಿಸುತ್ತದೆ. ಕರ್ಣಶೂಲ, ಕರ್ಣಸ್ರಾವ ಎಲ್ಲ ಅದರಲ್ಲಿವೆ. ಆದರೆ ಒಳಗೆ ನೋಡೋದು ಹೇಗೆ? ಸಾವಿರಾರು ವರ್ಷ ಸೂರ್ಯನ ಬೆಳಕೇ ಗತಿ. ಮೋಡ ಕವಿದ ದಿನ ಪರೀಕ್ಷೆ ಇಲ್ಲ! 1841ರಲ್ಲಿ ಜರ್ಮನಿಯ ಹಳ್ಳಿಗಾಡಿನ ಡಾಕ್ಟರು ಫ್ರೀಡ್ರಿಕ್ ಹಾಫ್‌ಮನ್, ನಡುವೆ ತೂತಿರುವ ಕನ್ನಡಿ ಹಿಡಿದು ಬೆಳಕನ್ನು ಕಿವಿಯೊಳಗೆ ತಿರುಗಿಸಿದರು. ಯಾರೂ ಅಷ್ಟಾಗಿ ಗಮನಿಸಲಿಲ್ಲ. 1855ರ ಸುಮಾರಿಗೆ ಫಾನ್ ಟ್ರೋಲ್ಚ್ ಅದೇ ಉಪಾಯವನ್ನು ಮತ್ತೆ ಮುಂದಿಟ್ಟ ಮೇಲೆ, ಹಣೆಗೆ ಕಟ್ಟುವ ಕನ್ನಡಿ ಕಿವಿ ಡಾಕ್ಟರ ಗುರುತೇ ಆಗಿಹೋಯಿತು. ವಿಯೆನ್ನಾದ ಆಡಂ ಪೋಲಿಟ್ಸರ್ 1865ರಲ್ಲಿ ತಮಟೆಯ ಚಿತ್ರಗಳನ್ನೇ ಪುಸ್ತಕ ಮಾಡಿದರು.

ಆ ಚಿತ್ರಗಳಲ್ಲಿ ಇದ್ದದ್ದನ್ನೇ ನಾವು ಇವತ್ತಿಗೂ ಹುಡುಕುತ್ತೇವೆ. ಮಗುವಿನ ಕಿವಿಹಾಲೆಯನ್ನು ಮೆಲ್ಲಗೆ ಹಿಂದಕ್ಕೆ, ಕೆಳಕ್ಕೆ ಎಳೆದರೆ ದಾರಿ ನೇರವಾಗುತ್ತದೆ. ದೊಡ್ಡವರಿಗಾದರೆ ಮೇಲಕ್ಕೆ, ಹಿಂದಕ್ಕೆ. ಆರೋಗ್ಯವಾದ ತಮಟೆ ಮುತ್ತಿನ ಬೂದು ಬಣ್ಣದ್ದು, ಆಚೆಗಿನ ಪುಟ್ಟ ಮೂಳೆ ಮಸುಕಾಗಿ ಕಾಣುವಷ್ಟು ತೆಳು. ಬೆಳಕು ಬಿದ್ದರೆ ಒಂದು ತ್ರಿಕೋನ ಹೊಳೆಯುತ್ತದೆ. ಬಲಗಿವಿಯಲ್ಲಿ ಗಡಿಯಾರದ 5 ಗಂಟೆಯ ಕಡೆಗೆ, ಎಡಗಿವಿಯಲ್ಲಿ 7ರ ಕಡೆಗೆ. ಮಧ್ಯಕಿವಿಯಲ್ಲಿ ಕೀವು ತುಂಬಿದಾಗ ತಮಟೆ ಪೂರಿಯ ಹಾಗೆ ಹೊರಗೆ ಉಬ್ಬುತ್ತದೆ, ಹೊಳಪು ಮಾಯವಾಗುತ್ತದೆ. ಬರೀ ಕೆಂಪಗಿದ್ದರೆ ಸಾಲದು. ಮಗು ಜೋರಾಗಿ ಅತ್ತರೂ, ಜ್ವರ ಬಂದರೂ ಕೆಂಪಾಗುತ್ತದೆ. ಉಬ್ಬಿದೆಯಾ ಅನ್ನೋದೇ ಮುಖ್ಯ. ಕಿವಿಯ ಹಿಂದಿನ ಮೂಳೆ ಬಾತು, ಮುಟ್ಟಿದರೆ ಮಗು ಕಿರುಚಿ, ಹಾಲೆ ಮುಂದಕ್ಕೆ ಬಾಗಿದ್ದರೆ ಮಾತ್ರ ಬೆಳಗಾಗುವವರೆಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ವೈಲ್ಡ್ ಅವರು ಚಾಕು ಹಾಕುತ್ತಿದ್ದದ್ದು ಆ ಜಾಗಕ್ಕೇ. ಆ ಕೊಯ್ತಕ್ಕೆ ಅವರದೇ ಹೆಸರಿದೆ.

ಇನ್ನೊಂದು ಬಗೆ ಮೌನಿ. ನೋವಿಲ್ಲ, ಜ್ವರವಿಲ್ಲ. ತಮಟೆಯ ಹಿಂದೆ ಅಂಟುನೀರು ನಿಂತಿರುತ್ತದೆ. ಇಲ್ಲಿನವರು ಗ್ಲೂ ಇಯರ್ ಅನ್ನುತ್ತಾರೆ. ತಮಟೆ ಮಂಕಾಗಿ, ಜೇನಿನ ಬಣ್ಣಕ್ಕೆ ತಿರುಗಿ, ಕೆಲವೊಮ್ಮೆ ಗುಳ್ಳೆಗಳೂ ಕಾಣುತ್ತವೆ. 1864ರಲ್ಲಿ ಸೀಗ್ಲೆ ಎಂಬ ಜರ್ಮನ್ ವೈದ್ಯರು ಮೆಲ್ಲಗೆ ಗಾಳಿ ಊದಿ ತಮಟೆ ಅಲುಗುತ್ತದೆಯೇ ನೋಡುವ ಉಪಕರಣ ಮಾಡಿದರು. ನೀರು ನಿಂತಿದ್ದರೆ ಅದು ಅಲುಗುವುದಿಲ್ಲ. ನಮ್ಮ ಕನ್ನಡದ ಮನೆಗಳಲ್ಲಿ ನನಗೆ ಚಿಂತೆ ಹುಟ್ಟಿಸೋದು ಇದೇ. ಚೈಲ್ಡ್‌ಕೇರಿಗೆ ಹೋಗೋ ಮೂರು ವರ್ಷದ ಮಗು ಕರೆದರೆ ಓಗೊಡುವುದಿಲ್ಲ, ಮಾತು ತಡ. "ಎರಡು ಭಾಷೆ ಆಯ್ತಲ್ಲ, ಗೊಂದಲ" ಅಂತ ಯಾರೋ ಹೇಳುತ್ತಾರೆ, ಅಪ್ಪ-ಅಮ್ಮ ಕನ್ನಡ ಮಾತಾಡೋದನ್ನೇ ನಿಲ್ಲಿಸಿಬಿಡುತ್ತಾರೆ. ಕನ್ನಡದ್ದೇನು ತಪ್ಪು? ಕಿವಿ ನೋಡಿಸಿದ್ದೀರಾ ಅಂತ ಕೇಳಿದರೆ ಇಲ್ಲ. ಊರಿಂದ ಬಂದ ಅಜ್ಜಿಯರು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಲು ಹೊರಡುತ್ತಾರೆ. ಪ್ರೀತಿ ದೊಡ್ಡದು, ಆದರೆ ತಮಟೆ ತೂತಾಗಿದ್ದರೆ ಆ ಎಣ್ಣೆ ನೇರ ಒಳಗೆ. "ಅಜ್ಜಿ, ಎಣ್ಣೆ ತಲೆಗೆ ಹಚ್ಚಿ, ಕಿವಿಗೆ ಬೇಡ" ಅಂತ ನಾನು ಹೇಳುತ್ತೇನೆ. ಬೈದುಕೊಂಡೇ ಒಪ್ಪುತ್ತಾರೆ.

ಈ ದೇಶದ್ದೇ ಇನ್ನೊಂದು ಮುಖವನ್ನು ಮರೆಯಬಾರದು. ಪೆನ್ಸಿಲಿನ್ನನ್ನು ಔಷಧಿಯಾಗಿ ಮಾಡಿದ ತಂಡದ ಮುಂದಾಳು ಹೋವರ್ಡ್ ಫ್ಲೋರಿ ಅಡಿಲೇಡಿನವರು. ಅದೇ ದೇಶದ ಉತ್ತರದ ದೂರದ ಮೂಲನಿವಾಸಿ ಊರುಗಳಲ್ಲಿ 2001ರಲ್ಲಿ ಎಳೆಯ ಮಕ್ಕಳ ಕಿವಿ ನೋಡಿದಾಗ 10ರಲ್ಲಿ 9 ಮಕ್ಕಳಿಗೆ ಮಧ್ಯಕಿವಿಯ ಒಂದಲ್ಲ ಒಂದು ತೊಂದರೆ ಇತ್ತು. ಕಿವಿ ಸೋರುವ ಮಕ್ಕಳು ನೂರಕ್ಕೆ 4ಕ್ಕಿಂತ ಹೆಚ್ಚಾದರೆ ತುರ್ತು ಪರಿಸ್ಥಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಲ್ಲಿ ಅದರ ಎಷ್ಟೋ ಪಟ್ಟು ಇತ್ತು. ಕಿಕ್ಕಿರಿದ ಮನೆ, ದೂರದ ಕ್ಲಿನಿಕ್ಕು; ಕಾರಣಗಳು ಕಿವಿಯ ಹೊರಗೇ ಇವೆ.

ಗ್ಲೂ ಇಯರ್ ಬಹುತೇಕ ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗೇ ಇಳಿಯುತ್ತದೆ. ಇಳಿಯದೆ ಕಿವಿ ಮಂದವಾಗೇ ಉಳಿದರೆ ಗ್ರೊಮೆಟ್ ಹಾಕುವ ಮಾತು ಬರುತ್ತದೆ. ಪೋಲಿಟ್ಸರ್ ರಬ್ಬರಿನದ್ದನ್ನು ಹತ್ತೊಂಬತ್ತನೇ ಶತಮಾನದಲ್ಲೇ ಹಾಕಿ ನೋಡಿದ್ದರು, ನಿಲ್ಲಲಿಲ್ಲ. 1954ರಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್ ಪ್ಲಾಸ್ಟಿಕ್ಕಿನದ್ದು ತಂದರು. ಅಕ್ಕಿಕಾಳಿಗಿಂತ ಚಿಕ್ಕ ನಳಿಗೆ, ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು ತಮಟೆಯಲ್ಲಿ ಕೂತಿದ್ದು ತಾನಾಗೇ ಹೊರಗೆ ಬರುತ್ತದೆ. ಒಂದು ಬೆಳಗ್ಗೆ ಮಗುವಿನ ದಿಂಬಿನ ಮೇಲೆ ಸಿಕ್ಕರೆ ಗಾಬರಿ ಆಗಬೇಡಿ.